ಎ ಗುಂಪಿನ ಹೊಟ್ಟೆಕಿಚ್ಚು

ಹಿರೇಹಡಗಲಿ
14 ಮೇ 2025

ಶೃತಿ ಅಕ್ಕಾ,

ಬಹಳ ದಿನದಿಂದ ಮುಚ್ಚಿಟ್ಟುಕೊಂಡಿದ್ದನ್ನು ಮೊದಲೇ ಬರೆದುಬಿಡುತ್ತೇನೆ. ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು. ನೀನು ಓದಿದೆ ಎಂದಲ್ಲ. ಓದು ನನಗೂ ಸಿಗುತ್ತಿತ್ತು. ಒಂಬತ್ತನೇ ತರಗತಿಯಲ್ಲಿ ಕೂತಲ್ಲಿ ಕೂರಲಾರದೆ ನಾನೇ ಎದ್ದು ಬಂದೆ. ಅವ್ವನ ಆರೈಕೆಗಾಗಿ ರೋಜಾ ಶಾಲೆ ಬಿಟ್ಟಳು ಎಂದು ಅಪ್ಪ ಊರಿಗೆಲ್ಲ ಹೇಳುತ್ತಾನೆ. ಅದು ಸುಳ್ಳು. ನಾನು ಶಾಲೆ ಬಿಟ್ಟಾಗ ಅವ್ವ ಗಟ್ಟಿಮುಟ್ಟಾಗಿ ಮೇವಿನ ಹೊರೆ ಹೊರುತ್ತಿದ್ದಳು.

ನನ್ನ ಹೊಟ್ಟೆಕಿಚ್ಚು ನಿನ್ನ ರಕ್ತದ ಮೇಲೆ.

ಇದನ್ನು ಫೋನಿನಲ್ಲಿ ಹೇಳಲಾಗದು. ನನ್ನ ಫೋನು ಕುರಿಗಳ ನೀರಿನ ತೊಟ್ಟಿಗೆ ಬಿದ್ದು ಸತ್ತಿದೆ. ಅಪ್ಪನಿಗೋ ಸ್ಪೀಕರ್ ಹಾಕದೆ ಮಾತಾಡಲು ಬರುವುದಿಲ್ಲ. ನೀನು ಮೈಸೂರಿನಲ್ಲಿ ಒಮ್ಮೆ ಕೆಮ್ಮಿದರೆ ಇಲ್ಲಿ ಓಣಿಯವರೆಲ್ಲ ಶೃತಿಗೆ ನೆಗಡಿಯಾಗಿದೆ ಎನ್ನುತ್ತಾರೆ. ಆದ್ದರಿಂದ ಅಂಚೆ.

ದಾವಣಗೆರೆಯ ಆಸ್ಪತ್ರೆ ನೆನಪು ಮಾಡಿಕೊ. ಅವ್ವನಿಗೆ ರಕ್ತ ಬೇಕೆಂದಾಗ ಮೊದಲು ತೋಳು ಏರಿಸಿ ನಿಂತವಳು ನೀನು. ನಾನು ನಿನ್ನ ಹಿಂದೆ, ಯಾವಾಗಲೂ ನಿಲ್ಲುವ ಹಾಗೆ. ನರ್ಸಮ್ಮ ನಿನ್ನ ಬೆರಳು ಚುಚ್ಚಿ ನೋಡಿ, "ನಿಂದು ಓ ಐತಿ. ಓ ಯಾರಿಗಾದ್ರೂ ನಡೀತೈತಿ, ಆದ್ರ ನಿಮ್ಮವ್ವಂದು ಎ, ಮೊದ್ಲು ಎ ನೋಡ್ತೀವಿ. ಸಣ್ಣಾಕಿ ಬರ್ಲಿ" ಅಂದಳು. ನನ್ನದು ಎ. ಅಪ್ಪ ಅವಳ ಜೊತೆ ಜಗಳಕ್ಕೇ ನಿಂತ. "ಒಂದ ಹೊಟ್ಟ್ಯಾಗ ಹುಟ್ಟಿದಾವ್ರಿ ಎರಡೂ. ಗುಂಪು ಬ್ಯಾರೆ ಹೆಂಗಾಕ್ಕಾವ?" ಅವನಿಗೆ ಗೊತ್ತಿರುವ ಗುಂಪು ಎಂದರೆ ಕುರಿಹಿಂಡು ಒಂದೇ.

ಆ ದಿನ ನಾನು ಗೆದ್ದೆ ಅಕ್ಕಾ. ಅವ್ವ ಅಲ್ಲಿ ಮಲಗಿದ್ದಾಗ ಗೆದ್ದೆ ಎನ್ನುವುದು ತಪ್ಪು, ಆದರೆ ಅನ್ನಿಸಿದ್ದು ಅದೇ. ನನ್ನ ತೋಳಿನಿಂದ ಹೋದದ್ದು ಅವ್ವನ ತೋಳಿಗೆ ಇಳಿಯಿತು. ನೀನು ಗೋಡೆಗೆ ಒರಗಿ ನಿಂತಿದ್ದೆ. ಅವ್ವ ಹೋದ ಮೇಲೂ ಜನ ನನ್ನನ್ನು ನೋಡಿ "ರೋಜಾದು ಅವ್ವನ ರಕ್ತ" ಎನ್ನುತ್ತಿದ್ದರು. ಅಪ್ಪ ಗೋಡೆಗೆ ಹಾಕಿದ್ದು ಬಿಳಿ ಕೋಟಿನ ನಿನ್ನ ಫೋಟೋ. ನನ್ನ ಫೋಟೋ ರೇಷನ್ ಕಾರ್ಡಿನಲ್ಲಿ ಮಾತ್ರ ಇದೆ. ಆದರೂ ನನಗೆ ಸಾಕಾಗಿತ್ತು, ಏಕೆಂದರೆ ರಕ್ತ ನನ್ನದಿತ್ತು.

ಈಗ ನಾನು ಹೂವಿನಹಡಗಲಿ ಬಸ್ ಸ್ಟ್ಯಾಂಡಿನ ಎದುರು ಜಂಬುನಾಥಣ್ಣನ ಅಂಗಡಿಯಲ್ಲಿ ಮಲ್ಲಿಗೆ ಕಟ್ಟುತ್ತೇನೆ. ಕಳೆದ ವಾರ ಅವನ ಫೋನಿನಲ್ಲಿ ಯಾರೋ ಕಳಿಸಿದ ವಿಡಿಯೋ ಬಂತು. ಎ ಗುಂಪಿನ ರಕ್ತದವರಿಗೆ ಅವ್ವನನ್ನು ಒಯ್ದ ಹೊಟ್ಟೆಯ ಕ್ಯಾನ್ಸರ್ ಹೆಚ್ಚಂತೆ. ಓ ಗುಂಪಿನವರಿಗೆ ಕಡಿಮೆಯಂತೆ. ಕೇಳುತ್ತಿದ್ದಂತೆ ಕೈಯಲ್ಲಿದ್ದ ಗಂಟು ಜಾರಿ ಅರ್ಧ ಮಾರು ಹೂ ಬಿಚ್ಚಿಹೋಯಿತು. ಜಂಬುನಾಥಣ್ಣ ತನ್ನದು ಬಿ ಎಂದು ಹೇಳಿಕೊಂಡು ಚಹಾ ತರಿಸಿದ.

ನಿಮ್ಮ ಪ್ರಯೋಗಾಲಯದಲ್ಲಿ ನಡೆಯುವುದು ಇದೇ ಕೆಲಸ ಅಲ್ಲವೇ? ರಕ್ತದ ಗುಂಪಿನ ಜೀನು, ಕ್ಯಾನ್ಸರು ಎಂದು ಏನೋ ಹೇಳಿದ್ದೆ, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಇದು ನಿಜವೋ ಸುಳ್ಳೋ ಬರೆ. ನಿಜವಾದರೆ, ಎಷ್ಟು ದಿನದಿಂದ ಗೊತ್ತಿದ್ದು ಸುಮ್ಮನಿದ್ದೀ ಎಂಬುದನ್ನೂ ಬರೆ.

ಪತ್ರದಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವ ಪದ್ಧತಿ. ಅಪ್ಪ ಕ್ಷೇಮ, ಗಾಳೆಮ್ಮತ್ತೆ ಕ್ಷೇಮ, ಕುರಿಗಳೂ ಕ್ಷೇಮ. ನನಗೆ ಹೊಟ್ಟೆ ಉರಿಯುತ್ತದೆ. ಉಂಡರೂ ಉರಿ, ಉಣ್ಣದಿದ್ದರೂ ಉರಿ. ಇದ್ದದ್ದು ಬರೆದಿದ್ದೇನೆ.

ರೋಜಾ

*

ಮೈಸೂರು
24 ಮೇ 2025

ರೋಜಾ,

ನಿನ್ನ ಕೈಬರಹ ನೋಡಿ ಎಷ್ಟು ವರ್ಷವಾಗಿತ್ತು. ಲಕೋಟೆ ಒಡೆಯುವ ಮೊದಲೇ ಖುಷಿಯಾಯಿತು. ಒಡೆದ ಮೇಲೆ ನೀನು ನೀನೇ ಎಂದು ಖಾತ್ರಿಯಾಯಿತು.

ಮೊದಲು ವಿಡಿಯೋ ವಿಷಯ. ಅದರಲ್ಲಿ ಇರುವುದು ಪೂರ್ತಿ ಸುಳ್ಳಲ್ಲ, ಆದರೆ ಹೇಳಿದ ರೀತಿ ತಪ್ಪು. ರಕ್ತದ ಗುಂಪನ್ನು ನಿರ್ಧರಿಸುವ ಜೀನು ನಮ್ಮ ಒಂಬತ್ತನೇ ವರ್ಣತಂತುವಿನ ಮೇಲಿದೆ. ಅದು ರಕ್ತದಲ್ಲಿ ಮಾತ್ರ ಕೆಲಸ ಮಾಡುವುದಿಲ್ಲ. ಹೊಟ್ಟೆಯ ಒಳಪದರದ ಮೇಲೂ ಆ ಗುರುತು ಇರುತ್ತದೆ, ನಮ್ಮಪ್ಪ ಕುರಿಯ ಬೆನ್ನಿಗೆ ಬಣ್ಣ ಹಚ್ಚಿದ ಹಾಗೆ. ಎ ಗುರುತು ಇದ್ದವರಲ್ಲಿ ಹೊಟ್ಟೆಯ ಕ್ಯಾನ್ಸರ್ ಸ್ವಲ್ಪ ಹೆಚ್ಚು ಕಾಣುತ್ತದೆ. ಸ್ವಲ್ಪ ಎಂಬ ಮಾತನ್ನು ವಿಡಿಯೋದವರು ನುಂಗಿದ್ದಾರೆ. ಲೆಕ್ಕಕ್ಕೆ ಹೀಗೆ ತಿಳಿದುಕೊ: ಬೇರೆ ಗುಂಪಿನ ಸಾವಿರ ಜನರಲ್ಲಿ ಹತ್ತು ಮಂದಿಗೆ ಬಂದರೆ, ಎ ಗುಂಪಿನ ಸಾವಿರದಲ್ಲಿ ಹನ್ನೆರಡು ಮಂದಿಗೆ. ಉಳಿದವರಿಗೆ ಬರುವುದೇ ಇಲ್ಲ. ಗುಂಪಿಗಿಂತ ದೊಡ್ಡ ಕಾರಣಗಳು ಬೇರೆ ಇವೆ. ಅವ್ವನಿಗೆ ಬಂದದ್ದು ಎ ಗುಂಪಿನಿಂದಲೇ ಎಂದು ಯಾವ ವಿಜ್ಞಾನಿಯೂ ಹೇಳಲಾರ.

ಇನ್ನೊಂದು ಮಾತು ನಿನಗೆ ಇಷ್ಟವಾಗಬಹುದು. ಓ ಎಂಬುದು ಬೇರೆ ಜೀನೇ ಅಲ್ಲ. ಸಾಮಾನ್ಯವಾಗಿ ಅದು ಎ ಜೀನೇ, ಒಂದು ಅಕ್ಷರ ಬಿಟ್ಟುಹೋದದ್ದು. ಆ ಅಕ್ಷರ ಬಿಟ್ಟ ಮೇಲೆ ದೇಹ ಮುಂದಿನದನ್ನೆಲ್ಲ ತಪ್ಪಾಗಿ ಓದಿಕೊಂಡು ನಡುವೆಯೇ ನಿಂತುಬಿಡುತ್ತದೆ.

ಹೊಟ್ಟೆಕಿಚ್ಚಿನ ಬಗ್ಗೆ ಹೇಳುವುದಕ್ಕೇನಿದೆ? ನನಗೆ ಹೊಸ ಲಂಗ ತಂದ ದಿನ ನೀನು ಅದನ್ನು ಕುರಿಮರಿಗೆ ಉಡಿಸಿದವಳು. ನಿನ್ನ ಹೊಟ್ಟೆ ಉರಿ ನನಗೆ ಹೊಸದಲ್ಲ. ಉರಿದು ಉರಿದು ತಾನೇ ಆರುತ್ತದೆ.

ಜೂನ್ ಇಪ್ಪತ್ತೆರಡಕ್ಕೆ ನಮ್ಮ ತಂಡ ಹರಪನಹಳ್ಳಿಗೆ ಬರುತ್ತದೆ. ಹೊಟ್ಟೆಯ ಕ್ಯಾನ್ಸರ್ ಕಂಡ ಮನೆಗಳವರಿಂದ ರಕ್ತದ ಮಾದರಿ ತೆಗೆದುಕೊಳ್ಳುತ್ತಾರೆ. ನಾನು ಬರುವುದಿಲ್ಲ, ಇಲ್ಲಿ ಕೆಲಸವಿದೆ. ನೀನು ಹೋಗಿ ಕೊಟ್ಟು ಬಾ. ಒಂದು ಚಮಚ ರಕ್ತ ಸಾಕು. ಹಾಗೇ ಹತ್ತನೇ ತರಗತಿಯ ಪರೀಕ್ಷೆಯನ್ನು ಹೊರಗಿನಿಂದ ಕಟ್ಟುವ ವಿಷಯ ಯೋಚಿಸು. ಹೀಗೆ ಬರೆಯುವವಳು ಹೂವಿನ ಅಂಗಡಿಯಲ್ಲಿ ಕೂರಬಾರದು.

ನಿನ್ನ ಅಕ್ಕ
ಶೃತಿ

*

ಹಿರೇಹಡಗಲಿ
3 ಜೂನ್ 2025

ಅಕ್ಕಾ,

ಹೂವಿನ ಅಂಗಡಿಯಲ್ಲಿ ಕೂರಬಾರದು ಎಂದೆ. ಕೊಟ್ಟೂರಿನಲ್ಲಿ ಹೊಲಿಗೆ ಕಲಿಯಲು ಹೋದಾಗಲೂ ಇದನ್ನೇ ಅಂದೆ. ಹಗರಿಬೊಮ್ಮನಹಳ್ಳಿಯ ಪೆಟ್ರೋಲ್ ಬಂಕಿನಲ್ಲಿ ನಿಂತಾಗಲೂ ಅಂದೆ. ಯಾವ ಕೆಲಸದಲ್ಲೂ ಆರು ತಿಂಗಳಿಗಿಂತ ಹೆಚ್ಚು ನಾನು ನಿಲ್ಲಲಿಲ್ಲ, ನಿಜ. ನನ್ನ ಕಾಲೇ ಹಾಗೆ. ಆದರೆ ಮೊಗ್ಗು ಬಿರಿಯುವ ಮೊದಲು ಬಿಡಿಸಿ, ಬಾಡುವ ಮೊದಲು ಕಟ್ಟಿ, ಹುಬ್ಬಳ್ಳಿ ಬಸ್ಸು ಬಿಡುವ ಮೊದಲು ಬುಟ್ಟಿ ಏರಿಸುವ ಈ ಕೆಲಸ ನನಗೆ ಹಿಡಿಸಿದೆ. ಇಲ್ಲಿ ಯಾರೂ ಸುಮ್ಮನೆ ಕೂರುವುದಿಲ್ಲ.

ನಿನ್ನ ಪತ್ರವನ್ನು ಅಂಗಡಿಯ ಹಿಂದೆ ಕೂತು ಓದಿದೆ. ಸಾವಿರಕ್ಕೆ ಹತ್ತು, ಸಾವಿರಕ್ಕೆ ಹನ್ನೆರಡು. ಹೆಚ್ಚಾದದ್ದು ಇಬ್ಬರು. ಸ್ವಲ್ಪ ಎಂದೆ. ಆ ಇಬ್ಬರಲ್ಲಿ ಒಬ್ಬಳು ಅವ್ವ. ಇನ್ನೊಬ್ಬಳ ಜಾಗ ಖಾಲಿ ಇದೆ. ನಿನ್ನ ಲೆಕ್ಕದಲ್ಲಿ ಇರುವುದು ಸಾವಿರ ಜನ. ನಮ್ಮ ಮನೆಯಲ್ಲಿ ಎ ಗುಂಪಿನವರು ಇಬ್ಬರೇ ಇದ್ದದ್ದು. ಈಗ ಒಬ್ಬಳು ಉಳಿದಿದ್ದಾಳೆ.

ಓ ಎಂದರೆ ಒಂದು ಅಕ್ಷರ ಬಿಟ್ಟು ನಡುವೆಯೇ ನಿಂತ ಎ ಎಂದು ಬರೆದೆ. ಓದಿ ನಕ್ಕೆ. ಅಂದರೆ ಓ ಎಂಬುದು ಶಾಲೆ ಬಿಟ್ಟ ಎ. ಒಂಬತ್ತರಲ್ಲೇ ಬಿಟ್ಟದ್ದು, ನನ್ನ ಹಾಗೆ. ನೋಡು ಅಕ್ಕಾ, ಶಾಲೆ ಬಿಟ್ಟವಳು ನಾನು, ಆ ಬಿಟ್ಟದ್ದರ ಲಾಭ ಮಾತ್ರ ನಿನಗೆ. ಪೂರ್ತಿ ಓದಿದ ಜೀನು ನನ್ನ ಪಾಲಿಗೆ ಬಂತು, ಅದೂ ಇಂಥದ್ದು. ಹೊಟ್ಟೆಕಿಚ್ಚು ಪಡಬೇಡ ಎಂದರೆ ಹೇಗೆ?

ಹರಪನಹಳ್ಳಿಗೆ ನಾನು ಹೋಗುವುದಿಲ್ಲ. ಒಂದು ಚಮಚ ರಕ್ತಕ್ಕೆ ನನ್ನದೇನೂ ಜಿಪುಣತನವಿಲ್ಲ. ಅವ್ವನಿಗೆ ಕೊಟ್ಟಾಗ ಚೀಲವೇ ತುಂಬಿತ್ತು. ಆದರೆ ನಿನ್ನ ಕಂಪ್ಯೂಟರಿನಲ್ಲಿ ನಾನೊಂದು ಚುಕ್ಕೆಯಾಗಲಾರೆ. ನನಗೆ ಬಂದರೆ ನಿನ್ನ ಓದಿಗೆ ಸಾಕ್ಷಿ, ಬರದಿದ್ದರೂ ನಿನ್ನ ಓದಿಗೆ ಸಾಕ್ಷಿ. ಎರಡರಲ್ಲೂ ಗೆಲ್ಲುವವಳು ನೀನೇ. ಒಂದೇ ಒಂದು ಸಲ ನಾನು ಗೆದ್ದಿದ್ದೆ, ಅದಕ್ಕೂ ನೀನು ಹೆಸರಿಟ್ಟೆ.

ಇನ್ನೊಂದು. ಜನವರಿಯಲ್ಲಿ ಅವ್ವನ ವರ್ಷದ ಎಡೆಗೆ ನೀನು ಬರಲಿಲ್ಲ. ಕೆಲಸ ಎಂದೆ. ಎಡೆಗೆ ಅವ್ವನಿಗೆ ಇಷ್ಟವಾದ ಸಜ್ಜೆ ರೊಟ್ಟಿ ಮಾಡಿದ್ದು ನಾನು. ಬಂದವರೆಲ್ಲ ಕೇಳಿದ್ದು ಶೃತಿ ಯಾಕೆ ಬಂದಿಲ್ಲ ಎಂದು. ರೊಟ್ಟಿಯ ಬಗ್ಗೆ ಯಾರೂ ಒಂದು ಮಾತಾಡಲಿಲ್ಲ. ಇಲ್ಲದಿದ್ದಾಗಲೂ ಮನೆ ತುಂಬ ಇರುವುದು ನಿನಗೆ ಯಾರು ಕಲಿಸಿದರು?

ನಿನ್ನೆ ಊಟದ ತಟ್ಟೆ ಪಕ್ಕಕ್ಕೆ ಸರಿಸಿ ಹೊಟ್ಟೆ ಉರಿಯುತ್ತದೆ ಎಂದೆ. ಕೈಯಲ್ಲಿ ನಿನ್ನ ಪತ್ರವೂ ಇತ್ತು. ಗಾಳೆಮ್ಮತ್ತೆ ಕೇಳಿದಳು, "ಹೊಟ್ಟಿ ಉರಿಗಾದ್ರ ಮಜ್ಜಿಗಿ ಕೊಡ್ತೀನಿ. ಹೊಟ್ಟಿಕಿಚ್ಚಿಗೆ ಏನ್ ಕೊಡ್ಲೇ?" ಅಪ್ಪನೂ ನಕ್ಕ. ಮಜ್ಜಿಗೆ ಕುಡಿದೆ. ಉರಿ ಹಾಗೇ ಇದೆ.

ರೋಜಾ

*

ಮೈಸೂರು
12 ಜೂನ್ 2025

ರೋಜಾ,

ನಿನಗೆ ಕೊಡಲು ಮನಸ್ಸಿಲ್ಲದಿದ್ದರೆ ಕೊಡಬೇಡ. ಯಾರನ್ನೂ ಬಲವಂತ ಮಾಡುವ ಕೆಲಸ ನಮ್ಮದಲ್ಲ.

ನಿನ್ನ ಪತ್ರದಿಂದ ನೋವಾಯಿತು. ನಾನು ಇಲ್ಲಿ ಅರಮನೆಯಲ್ಲಿಲ್ಲ. ಬಿಳಿ ಕೋಟು ಹಾಕಿ ದಿನವಿಡೀ ಕೊಳವೆಗಳಿಗೆ ಚೀಟಿ ಅಂಟಿಸುತ್ತೇನೆ. ಅಪ್ಪ ನನ್ನನ್ನು ಡಾಕ್ಟರ್ ಎನ್ನುವುದನ್ನು ನಿಲ್ಲಿಸಲು ಎಷ್ಟೋ ಸಲ ಹೇಳಿದ್ದೇನೆ. ಅಲ್ಲಿ ನಿನ್ನ ಕಣ್ಣೆದುರು ಅಪ್ಪ ಇದ್ದಾನೆ, ಅತ್ತೆ ಇದ್ದಾಳೆ. ಇಲ್ಲಿ ಸಂಜೆ ಕೋಣೆಗೆ ಬಂದರೆ ದೀಪ ನಾನೇ ಹಾಕಿಕೊಳ್ಳಬೇಕು.

ಜನವರಿಯಲ್ಲಿ ಬರಲಾಗಲಿಲ್ಲ. ಕೆಲಸವಿತ್ತು. ಅದನ್ನು ಮತ್ತೆ ಮತ್ತೆ ಕೇಳಬೇಡ.

ಹೊಟ್ಟೆ ಉರಿ ಎಂದು ಪ್ರತಿ ಪತ್ರದಲ್ಲೂ ಬರೆಯುವ ಅಗತ್ಯವಿಲ್ಲ. ಒಂದು ಸಲ ಬರೆದದ್ದು ನನಗೆ ತಿಳಿದಿದೆ.

ಶೃತಿ

*

ಹಿರೇಹಡಗಲಿ
24 ಜೂನ್ 2025

ಅಕ್ಕಾ,

ಹೋಗುವುದಿಲ್ಲ ಎಂದು ಬರೆದಿದ್ದೆ. ಹರಪನಹಳ್ಳಿಗೆ ಹೋಗಿದ್ದೆ. ಬರೆದ ಮಾತು ತಪ್ಪಿದ್ದರಿಂದ ಮೊದಲು ಅದನ್ನೇ ತಿಳಿಸುತ್ತಿದ್ದೇನೆ.

ರಕ್ತ ಕೊಡಲು ಹೋಗಲಿಲ್ಲ. ನಿನ್ನ ಜೊತೆ ಕೆಲಸ ಮಾಡುವವರು ಹೇಗಿರುತ್ತಾರೆಂದು ನೋಡಲು ಹೋದೆ. ಅಂಗಡಿಯಲ್ಲಿ ಕಾರಣ ಕೇಳಿದಾಗ ಜಂಬುನಾಥಣ್ಣನಿಗೂ ಹಾಗೇ ಹೇಳಿದೆ. "ನಿನಗ ಸುಳ್ಳು ಹೇಳಾಕ ಬರಲ್ಲಬೇ, ಅದಕ ವ್ಯಾಪಾರ ಕಲೀಲಿಲ್ಲ" ಎಂದು ರಜೆ ಕೊಟ್ಟ.

ಸಮುದಾಯ ಭವನದಲ್ಲಿ ಮೇಜು ಹಾಕಿದ್ದರು. ಅದೇ ತಾಲ್ಲೂಕಿನ ಅರಸೀಕೆರೆ ಕಡೆಯಿಂದ ಬಂದ ಒಂದು ಸಂಸಾರ ಸಾಲಿನಲ್ಲಿತ್ತು, ಮುದುಕಿಯಿಂದ ಮೊಮ್ಮಗನವರೆಗೆ. ಬಾಗಿಲ ಹತ್ತಿರ ನಿಂತು ನೋಡುತ್ತಿದ್ದೆ. ಕನ್ನಡಕದ ಒಬ್ಬ ಹುಡುಗ ಎದ್ದು ಬಂದು, ನೀವು ಶೃತಿಯವರ ತಂಗಿ ಅಲ್ಲವೇ, ಮುಖ ಅದೇ ಇದೆ ಎಂದ. ಅವನ ಹೆಸರು ಕ್ರಾಂತಿಕುಮಾರ್ ಅಂತೆ. ಮುಖ ಅದೇ ಎಂದು ಇದುವರೆಗೆ ಯಾರೂ ಅಂದಿರಲಿಲ್ಲ. ಅರ್ಧ ನಿಮಿಷ ಖುಷಿಯಾದೆ.

ಆಮೇಲೆ ಅವನು ಕೇಳಿದ, "ಅವರ ಹೊಟ್ಟೆ ಈಗ ಹೇಗಿದೆ? ನಮ್ಮ ಹತ್ತಿರ ಏನೂ ಹೇಳಲ್ಲ. ಜನವರೀಲಿ ರಕ್ತ ವಾಂತಿ ಆದಾಗ ನಾವೆಲ್ಲ ಹೆದರಿಬಿಟ್ಟಿದ್ವಿ."

ನನಗೆ ಗೊತ್ತಿಲ್ಲ ಎಂದೆ. ಅವನ ಮುಖ ಸಣ್ಣದಾಯಿತು. ಹೇಳಬಾರದ್ದನ್ನು ಹೇಳಿದೆನೇ ಎಂದು ಎರಡು ಸಲ ಕೇಳಿದ. ಹೌದು ಎಂದೆ.

ಬಸ್ಸಿನಲ್ಲಿ ಬರುವಾಗ ನನಗೆ ಮೊದಲು ಬಂದದ್ದು ಏನು ಗೊತ್ತೇ? ಅಳು ಬರಬೇಕಿತ್ತು. ಬಂದದ್ದು ಹೊಟ್ಟೆಕಿಚ್ಚೇ. ಅಲ್ಲಿಯೂ ನೀನೇ ಮೊದಲು ಹೋದೆಯಲ್ಲ ಎಂದು. ಅವ್ವನ ಕಾಯಿಲೆಯ ಹತ್ತಿರಕ್ಕೆ ಹೋಗುವುದಾದರೆ ಅದು ನನ್ನ ಸರದಿ ಎಂದುಕೊಂಡಿದ್ದೆ. ಆಸ್ಪತ್ರೆಯಲ್ಲಿ ನಿನ್ನ ಪಕ್ಕ ಕೂತವರು ಯಾರೋ, ಗಂಜಿ ಕುಡಿಸಿದವರು ಯಾರೋ ಎಂದು ಅವರ ಮೇಲೂ ಉರಿದೆ. ಭಯ ಬಂದದ್ದು ಆಮೇಲೆ, ಬಸ್ಸು ಹಡಗಲಿ ಮುಟ್ಟುವ ಹೊತ್ತಿಗೆ.

ಅಪ್ಪನಿಗೆ ಹೇಳಿಲ್ಲ. ಕೇಳಿದರೆ ಹೇಳುತ್ತೇನೆ, ಕೇಳಿಲ್ಲ.

ನೀನು ಬದುಕಿದ್ದೀ ಎಂದು ನಿನ್ನ ಪತ್ರ ನೋಡಿ ತಿಳಿಯಬೇಕೇ? ಓ ಗುಂಪಿನವಳು, ನಿನಗೇನಾಗಿದೆ? ಈ ಸಲ ಕೆಲಸವಿತ್ತು ಎಂದು ಬರೆದರೆ ಆ ಪತ್ರವನ್ನು ಕುರಿಗೆ ಹಾಕುತ್ತೇನೆ.

ಹೊಟ್ಟೆ ಉರಿ ಎಂದು ಬರೆಯಬೇಡ ಎಂದಿದ್ದೆ. ಬರೆಯದೆ ಬಿಟ್ಟರೆ ಸುಳ್ಳಾಗುತ್ತದೆ. ಇದೆ.

ರೋಜಾ

*

ಮೈಸೂರು
1 ಜುಲೈ 2025

ರೋಜಾ,

ನಿನ್ನ ಪತ್ರ ಬಂದ ದಿನವೇ ಅಪ್ಪನ ಫೋನಿಗೆ ಮಾಡಿದೆ. ನೀನು ಹೂವಿಗೆ ಹೋಗಿದ್ದೆ. ಸ್ಪೀಕರಿನಲ್ಲಿ ಅತ್ತೆ, ಅಪ್ಪ, ಅವರ ಹಿಂದೆ ಕುರಿ, ಎಲ್ಲರೂ ಇದ್ದರು. ಮಳೆ ಬಂತೇ ಎಂದು ಕೇಳಿ ಇಟ್ಟುಬಿಟ್ಟೆ.

ಜನವರಿಯಲ್ಲಿ ನನಗೆ ಕೆಲಸವಿರಲಿಲ್ಲ. ಅವ್ವನ ಎಡೆಗೆ ಬರಲು ಚೀಲ ಕಟ್ಟಿಟ್ಟಿದ್ದೆ. ಅವತ್ತೇ ರಕ್ತ ವಾಂತಿಯಾಯಿತು. ಕರುಳು ಶುರುವಾಗುವಲ್ಲಿ ಹುಣ್ಣಾಗಿ ಒಡೆದಿತ್ತು. ಓ ಗುಂಪಿನವರಿಗೆ ಇಂಥ ಹುಣ್ಣು ಸ್ವಲ್ಪ ಹೆಚ್ಚು ಎಂದು ಪಾಠದಲ್ಲಿ ಓದಿದ್ದೆ, ನಿನಗೆ ಬರೆಯುವಾಗ ಅದನ್ನು ಬಿಟ್ಟೆ. ನಾನೂ ಒಂದು ಅಕ್ಷರ ಬಿಟ್ಟೆ, ನೀನು ಮುಂದಿನದೆಲ್ಲ ತಪ್ಪಾಗಿ ಓದಿದೆ. ಅಪ್ಪನಿಗೆ ಹೇಳಲಿಲ್ಲ, ಏಕೆಂದರೆ ಹೊಟ್ಟೆ ಎಂದರೆ ಸಾಕು, ಅವನು ದಾವಣಗೆರೆಗೆ ಹೋಗಿ ನಿಲ್ಲುತ್ತಾನೆ. ನಿನಗೆ ಹೇಳಲಿಲ್ಲ, ಏಕೆಂದರೆ ನೀನು ಯಾರಿಗೂ ಮುಚ್ಚಿಡಲಾರೆ.

ಕೊಳವೆ ಇಳಿಸಿ ನೋಡಿದರು. ಹೊಟ್ಟೆಯಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಇತ್ತು. ಹುಣ್ಣಿಗೂ ಅದೇ ಮೂಲ. ಹೊಟ್ಟೆಯ ಕ್ಯಾನ್ಸರಿಗೂ ರಕ್ತದ ಗುಂಪಿಗಿಂತ ಎಷ್ಟೋ ದೊಡ್ಡ ಕಾರಣ ಅದೇ. ಒಂದೇ ಮನೆಯಲ್ಲಿ ಉಂಡು ಬೆಳೆದವರಲ್ಲಿ ಚಿಕ್ಕಂದಿನಲ್ಲೇ ಒಬ್ಬರಿಂದ ಒಬ್ಬರಿಗೆ ಬರುತ್ತದೆ. ನಾವಿಬ್ಬರೂ ಅವ್ವನ ತಟ್ಟೆಯಲ್ಲೇ ಉಂಡವರು. ಎರಡು ವಾರ ಮಾತ್ರೆ ನುಂಗಿದೆ. ಈಗ ಅದು ಇಲ್ಲ. ನಾನು ಚೆನ್ನಾಗಿದ್ದೇನೆ, ಇದು ನಿಜ.

ಇನ್ನು ನನ್ನದೂ ಒಂದು ಹೊಟ್ಟೆಕಿಚ್ಚು ಇದೆ. ಆಸ್ಪತ್ರೆಯಲ್ಲಿ ನರ್ಸು "ಸಣ್ಣಾಕಿ ಬರ್ಲಿ" ಅಂದಾಗ ನಾನು ಗೋಡೆಗೆ ಒರಗಿ ನಿಂತದ್ದು ನೀನು ನೋಡಿದ್ದೆ. ನಿನ್ನ ತೋಳಿನಿಂದ ಚೀಲ ತುಂಬುತ್ತಿದ್ದಾಗ ನಾನು ಹನಿ ಎಣಿಸುತ್ತ ನಿನ್ನನ್ನು ಶಪಿಸಿದೆ. ದೊಡ್ಡವಳು ನಾನು, ಓದಿದವಳು ನಾನು, ಅವ್ವನಿಗೆ ಬೇಕಾದದ್ದು ಮಾತ್ರ ನಿನ್ನ ಹತ್ತಿರ. ಈ ಜೀನಿನ ಬೆನ್ನು ಹತ್ತಿದ್ದೇ ಅದಕ್ಕೆ. ಸಂದರ್ಶನದಲ್ಲಿ ವಿಜ್ಞಾನದ ಮೇಲಿನ ಪ್ರೀತಿ ಎಂದೆ. ನನ್ನ ರಕ್ತ ಯಾಕೆ ಬೇಡವಾಯಿತು ಎಂದು ತಿಳಿಯಬೇಕಿತ್ತು, ಅಷ್ಟೇ.

ತಿಳಿದದ್ದು ಇದು. ಓ ಗುಂಪಾಗಲು ಇಬ್ಬರಿಂದಲೂ ಓ ಬರಬೇಕು. ಓ ಗುಂಪಿನ ಅಪ್ಪನಿಂದ ಒಂದು, ಅವ್ವನಿಂದ ಒಂದು. ಎ ಗುಂಪಿನ ಅವ್ವನೊಳಗೆ ಯಾರಿಗೂ ಕಾಣದ ಒಂದು ಓ ಇತ್ತು. ಅದನ್ನು ನನಗೆ ಕೊಟ್ಟಳು, ಕಾಣುವ ಎ ನಿನಗೆ ಕೊಟ್ಟಳು. ಅಪ್ಪನ ಓ ನಿನ್ನೊಳಗೂ ಅಡಗಿ ಕೂತಿದೆ. ಮೊದಲ ದಿನ ಇದನ್ನು ಕಾಗದದ ಮೇಲೆ ಬರೆದು ನೋಡಿ, ಪ್ರಯೋಗಾಲಯದ ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಈಗ ಮುಖ್ಯ ಮಾತು. ಈ ಪತ್ರ ಬರೆಯಲು ನಿನ್ನ ಮೂರೂ ಪತ್ರಗಳನ್ನು ಎದುರಿಗೆ ಇಟ್ಟುಕೊಂಡೆ. ಎರಡನೆಯದರಲ್ಲಿ ಅತ್ತೆಯ ಮಾತು ಬರೆದಿದ್ದೀಯ, ಉರಿಗೆ ಮಜ್ಜಿಗೆ, ಕಿಚ್ಚಿಗೆ ಏನು ಎಂದು. ಮೊದಲ ಸಲ ಓದಿದಾಗ ನಕ್ಕಿದ್ದೆ. ಇವತ್ತು ನಗಲಾಗಲಿಲ್ಲ. ಆ ಮಾತು ಹಳೆಯದು ರೋಜಾ. ಪಕ್ಕದ ಮನೆಯ ಸುಮಲತಕ್ಕ ಫ್ರಿಜ್ ತಂದ ವರ್ಷ ಅವ್ವ ತಟ್ಟೆ ಸರಿಸಿ "ಹೊಟ್ಟಿ ಉರೀತೈತಿ" ಎಂದಾಗ ಅತ್ತೆ ಅದನ್ನೇ ಅಂದಿದ್ದಳು. ನಾವೆಲ್ಲ ನಕ್ಕೆವು. ಅವ್ವನೂ ನಕ್ಕು ಸುಮ್ಮನಾದಳು. ಆಮೇಲೆ ಅವಳು ಎಷ್ಟು ಸಲ ಅಂದರೂ ನಮಗೆ ಕೇಳಿಸಿದ್ದು ಫ್ರಿಜ್ಜೇ. ದಾವಣಗೆರೆಗೆ ಹೋಗುವ ಹೊತ್ತಿಗೆ ವರ್ಷ ದಾಟಿತ್ತು.

ಉಂಡರೂ ಉರಿ, ಉಣ್ಣದಿದ್ದರೂ ಉರಿ ಎಂದು ನೀನು ಮೇ ತಿಂಗಳಲ್ಲೇ ಬರೆದಿದ್ದೀಯ. ನೀನು ಸುಳ್ಳು ಬರೆಯುವವಳಲ್ಲ. ನಾನು ಸರಿಯಾಗಿ ಓದಲಿಲ್ಲ.

ರೋಜಾ, ಅದು ಯಾವ ಉರಿ?

ಯಾವುದಾದರೂ ಬಾ. ನನಗೆ ನೋಡಿದ ಡಾಕ್ಟರಮ್ಮನ ಹತ್ತಿರ ಹನ್ನೊಂದನೇ ತಾರೀಖು ಕೇಳಿಟ್ಟಿದ್ದೇನೆ. ನಿನ್ನ ಹೆಸರು ನಮ್ಮ ಅಧ್ಯಯನದಲ್ಲಿ ಎಲ್ಲೂ ಬರುವುದಿಲ್ಲ. ನೀನು ಯಾರಿಗೂ ಚುಕ್ಕೆಯಲ್ಲ.

ಶೃತಿ

*

ಹಿರೇಹಡಗಲಿ
9 ಜುಲೈ 2025

ಅಕ್ಕಾ,

ಎರಡೂ ಉರಿ.

ಒಂದು ಚಿಕ್ಕಂದಿನಿಂದ ಇದೆ. ಇನ್ನೊಂದು ಯುಗಾದಿಯಿಂದ. ಎದೆಯ ಗೂಡಿನ ಕೆಳಗೆ ಕೆಂಡ ಇಟ್ಟ ಹಾಗೆ. ಅರ್ಧ ರೊಟ್ಟಿಗೆ ಹೊಟ್ಟೆ ತುಂಬುತ್ತದೆ. ಲಂಗದ ಕೊಕ್ಕೆ ಎರಡು ಸಲ ಒಳಗೆ ಹೊಲಿದುಕೊಂಡೆ, ಕೊಟ್ಟೂರಿನಲ್ಲಿ ಕಲಿತ ಹೊಲಿಗೆ ಅಷ್ಟಕ್ಕೆ ಬಂತು. ವಿಡಿಯೋ ನೋಡಿದ ಮೇಲೆ ಹುಟ್ಟಿದ ಉರಿಯಲ್ಲ ಇದು. ಉರಿ ಇದ್ದದ್ದಕ್ಕೇ ವಿಡಿಯೋ ಕಿವಿಗೆ ಬಿತ್ತು.

ನೀನು ಮೊದಲ ಪತ್ರ ತಪ್ಪಾಗಿ ಓದಿದ್ದು ನನಗೆ ಆಗಲೇ ತಿಳಿದಿತ್ತು. ತಿದ್ದಬಹುದಿತ್ತು. ತಿದ್ದಲಿಲ್ಲ. ಬರೆದದ್ದು ನಿಜ, ಓದಿಕೊಂಡದ್ದು ಅವಳ ಪಾಡು ಎಂದು ಹಟ ಹಿಡಿದೆ. ಎಲ್ಲವನ್ನೂ ಓದಿದವಳಿಗೆ ಇದೊಂದು ಓದಲು ಬರಲಿಲ್ಲವಲ್ಲ ಎಂಬ ಸಂತೋಷವೂ ಇತ್ತು. ಸುಳ್ಳು ಹೇಳದೆಯೂ ಮೋಸ ಮಾಡಬಹುದು ಎಂದು ನನಗೆ ಈಗ ತಿಳಿಯಿತು.

ಇನ್ನೊಂದು ಕಾರಣ ಭಯ. ಕೊಳವೆ ಇಳಿಸಿದರೆ ಅದು ಇದೆ ಎನ್ನುತ್ತಾರೆ ಅಥವಾ ಇಲ್ಲ ಎನ್ನುತ್ತಾರೆ. ಇಳಿಸದಿದ್ದರೆ ಅದು ಬರೀ ಹೊಟ್ಟೆಕಿಚ್ಚು. ಹೊಟ್ಟೆಕಿಚ್ಚಿನಿಂದ ಯಾರೂ ಸತ್ತಿಲ್ಲ.

ನಿನ್ನ ಪತ್ರವನ್ನು ಅಪ್ಪನಿಗೂ ಅತ್ತೆಗೂ ಪೂರ್ತಿ ಓದಿ ಹೇಳಿದೆ. ನಿನ್ನ ಹುಣ್ಣಿನ ವಿಷಯವನ್ನೂ ಬಿಡಲಿಲ್ಲ, ಬೈಯುವುದಾದರೆ ಬೈ. ಫ್ರಿಜ್ಜಿನ ಮಾತು ಬಂದಾಗ ಅತ್ತೆ ಬೀಸುತ್ತಿದ್ದ ಕಲ್ಲು ನಿಲ್ಲಿಸಿದಳು. ಎದ್ದು ಹೊರಗೆ ಹೋದಳು. ಬಹಳ ಹೊತ್ತಿನ ಮೇಲೆ ಬಂದು ನನ್ನ ತಲೆಗೆ ಎಣ್ಣೆ ಹಚ್ಚುತ್ತ, "ಅವಾಗೂ ನಕ್ಕೆ, ಇವಾಗೂ ನಕ್ಕೆ. ಮಾತಾಡ ಬಾಯೇನ ಇದು?" ಅಂದಳು. ಅಷ್ಟೇ. ಆಮೇಲೆ ಹೆಣೆದ ಜಡೆ ಎಷ್ಟು ಬಿಗಿ ಎಂದರೆ ಈಗಲೂ ಹುಬ್ಬು ಮೇಲಕ್ಕೆ ಎಳೆಯುತ್ತಿದೆ.

ಅಪ್ಪ ಕುರಿ ಬಿಡಲು ಹೋದ. ಸಂಜೆ ಬಂದವನು ಫೋನು ನನ್ನ ಮುಂದೆ ಹಿಡಿದ. "ಈ ಸ್ಪೀಕರ್ ಬಂದ್ ಮಾಡಾದು ಹೆಂಗ? ತೋರಸು. ನೀ ಅಲ್ಲಿಂದ ಮಾತಾಡಿದ್ದು ನಾ ಒಬ್ಬನ ಕೇಳಬೇಕು." ತೋರಿಸಿದೆ. ಎರಡು ಸಲ ತಪ್ಪಿ, ಮೂರನೆಯ ಸಲ ಕಲಿತ. ಕಿವಿಗೆ ಫೋನು ಒತ್ತಿಕೊಂಡು, ಆ ಕಡೆ ಯಾರೂ ಇಲ್ಲದಿದ್ದರೂ, ಹೂಂ ಹೂಂ ಎಂದು ಅಭ್ಯಾಸ ಮಾಡುತ್ತಿದ್ದ.

ನನ್ನೊಳಗೆ ಅಪ್ಪನ ಓ ಇದೆ ಎಂದೆಯಲ್ಲ. ಓದಿದಾಗ ನನಗೆ ಮೊದಲು ಖುಷಿಯಾಗಲಿಲ್ಲ. ಅವ್ವನದು ಎಂದು ನಾನು ಒಬ್ಬಳೇ ಇಟ್ಟುಕೊಂಡಿದ್ದ ರಕ್ತದಲ್ಲಿ ನಿನ್ನದೇ ಓ ಇದ್ದು, ನಿನಗೂ ಪಾಲಿದೆ ಎಂದಾಯಿತಲ್ಲ, ಅದಕ್ಕೆ. ಯಾರಿಗೂ ಕಾಣದ್ದನ್ನು ಅವ್ವ ನಿನಗೆ ಕೊಟ್ಟಳು ಎಂಬುದಕ್ಕೂ ಉರಿಯಿತು, ಕಾಣದ್ದು ಯಾವಾಗಲೂ ಹೆಚ್ಚಿನದಾಗಿರುತ್ತದೆ. ಆದರೆ ನೀನು ಗೋಡೆಗೆ ಒರಗಿ ನನ್ನ ಹನಿ ಎಣಿಸಿದ್ದನ್ನು ಓದಿ ತಡೆಯಲಾಗದೆ ನಕ್ಕೆ. ಇಷ್ಟು ವರ್ಷ ಒಬ್ಬಳೇ ಉರಿಯುತ್ತಿದ್ದೇನೆ ಎಂದುಕೊಂಡಿದ್ದೆ.

ಡಾಕ್ಟರಮ್ಮನಿಗೆ ಒಂದು ಮಾತು ಮೊದಲೇ ಹೇಳಿಡು. ನನ್ನ ತಂಗಿ ಸ್ವಲ್ಪ ಒರಟು, ಕೇಳಿದ್ದಕ್ಕೆಲ್ಲ ಇದ್ದದ್ದು ಇದ್ದ ಹಾಗೆ ಹೇಳುತ್ತಾಳೆ, ನೀವೂ ಹಾಗೇ ಹೇಳಬೇಕು ಎಂದು. ಏನು ಕಂಡರೂ ನಿನಗೆ ಮೊದಲು ಹೇಳಿ ನನಗೆ ಆಮೇಲೆ ಹೇಳುವುದು ಬೇಡ. ಅದನ್ನು ಸಹಿಸಲಾರೆ. ಒಟ್ಟಿಗೆ ನಿಲ್ಲಿಸಿ ಹೇಳಲಿ.

ಜಂಬುನಾಥಣ್ಣ ಒಂದು ಮಾರು ಮಲ್ಲಿಗೆ ಮೊಗ್ಗು ಬಾಳೆಯೆಲೆಯಲ್ಲಿ ಕಟ್ಟಿಕೊಟ್ಟಿದ್ದಾನೆ. ಒದ್ದೆ ಬಟ್ಟೆ ಸುತ್ತಿದ್ದೇನೆ, ಮೈಸೂರು ಮುಟ್ಟುವ ಹೊತ್ತಿಗೆ ಅರಳಿರುತ್ತದೆ. ಅರ್ಧ ನಿನಗೆ, ಅರ್ಧ ನನಗೆ. ದೊಡ್ಡ ಅರ್ಧ ನನ್ನದು.

ಈ ಪತ್ರವನ್ನು ಅಂಚೆಗೆ ಹಾಕಿದರೆ ನಾನು ಬಂದ ಮೇಲೆ ಮುಟ್ಟುತ್ತದೆ. ಆದ್ದರಿಂದ ಚೀಲದಲ್ಲೇ ಇಟ್ಟು ತರುತ್ತಿದ್ದೇನೆ. ಕೈಯಲ್ಲಿ ಕೊಡುತ್ತೇನೆ, ನನ್ನ ಎದುರಿಗೇ ಓದು, ತಪ್ಪಾಗಿ ಓದಿದರೆ ಅಲ್ಲೇ ತಿದ್ದುತ್ತೇನೆ.

ಹರಿಹರಕ್ಕೆ ಬಸ್ಸು, ಅಲ್ಲಿಂದ ರೈಲು. ನಾಳೆ ಬೆಳಿಗ್ಗೆ ಹೊರಡುತ್ತೇನೆ.

ರೋಜಾ